ವ್ಯಸನಮುಕ್ತಿ : ಆಣೆಯಿಟ್ಟ ಮರುದಿನ

‘ವ್ಯಸನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಬಿಡಲಾಗದ ಚಟವೆಂಬುದು ಒಂದು, ದುಃಖವೆಂಬುದು ಇನ್ನೊಂದು. ಆಪ್ತರ ಮರಣವಾರ್ತೆಯನ್ನು ಕೇಳಿ ‘ಬಹಳ ವ್ಯಸನವಾಯಿತು’ ಎನ್ನುವವರೂ, ನೆರೆಮನೆಯವನನ್ನು ಕುರಿತು ‘ಅವನಿಗೆ ಕುಡಿತದ ವ್ಯಸನ’ ಎನ್ನುವವರೂ ಒಂದೇ ಪದವನ್ನು ಆಡುತ್ತಾರೆ. ಎಸೆಯುವುದೆಂಬ ಅರ್ಥದ ‘ಅಸು’ ಧಾತುವಿಗೆ ‘ವಿ’ ಎಂಬ ಉಪಸರ್ಗ ಸೇರಿ ಈ ಶಬ್ದ ಸಿದ್ಧವಾಗಿದೆ. ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣವನ್ನು ಸಂಪೂರ್ಣವಾಗಿ ವ್ಯಸನಗಳ ವಿಚಾರಕ್ಕೇ ಮೀಸಲಿಟ್ಟು, ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದರಿಂದಲೇ ಅದಕ್ಕೆ ಆ ಹೆಸರು ಬಂದಿತೆಂದು ನಿರ್ವಚನ ಹೇಳಿದ್ದಾನೆ. ವ್ಯಾಕರಣದ ದೃಷ್ಟಿಯಿಂದ ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಎಸೆಯುವ ಕರ್ತೃ ವ್ಯಸನ, ಮನುಷ್ಯನು ಕರ್ಮ. ಅವನು ಎಸೆಯಲ್ಪಟ್ಟವನು. ಆದರೆ ಊರಿನ ಮಾತಿನಲ್ಲಿ ಈ ಕಾರಕ ತಲೆಕೆಳಗಾಗುತ್ತದೆ. ‘ಅವನು ತಾನಾಗಿಯೇ ಹಾಳಾದ, ತಾನಾಗಿಯೇ ಸರಿಹೋಗಲಿ’ ಎಂದು ಜಗುಲಿಯ ಮೇಲೆ ತೀರ್ಪಾಗುತ್ತದೆ. ಎಸೆಯಲ್ಪಟ್ಟವನು ತನ್ನನ್ನು ತಾನೇ ಎತ್ತಿಕೊಳ್ಳಬೇಕೆಂದು ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ.

ಬಿಳಿಗೆರೆಯ ಸುತ್ತಮುತ್ತಲಿನ, ಹಾಗೂ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳವರೆಗೆ ಹಬ್ಬಿದ ಈ ಸೀಮೆಗೆ ಕಲ್ಪತರು ನಾಡೆಂದು ಹೆಸರು. ತಿಪಟೂರಿನ ಕೊಬ್ಬರಿ ಉತ್ತರ ಹಿಂದೂಸ್ಥಾನದ ಅಂಗಡಿಗಳಿಗೂ ಹೋಗುತ್ತದೆ. ಆ ಕೊಬ್ಬರಿಯ ಹಿಂದೆ ಮರ ಹತ್ತುವವರು, ಕಾಯಿ ಆಯುವವರು, ಸುಲಿಯುವವರು, ಒಡೆಯುವವರು, ಚೀಲ ಹೊರುವವರು ಎಂಬ ದೊಡ್ಡದೊಂದು ದುಡಿಮೆಯ ಬಳಗವಿದೆ. ಅವರಿಗೆ ಕೂಲಿ ಸಂಜೆಗೆ ಕೈಗೆ ಬರುತ್ತದೆ. ಮೈಯ ನೋವೂ ಅದೇ ಸಂಜೆಗೆ ಬರುತ್ತದೆ. ತೋಟದ ಒಡೆಯರಿಗಾದರೋ ಹಣ ದಿನದಿನಕ್ಕೆ ಬಾರದೆ, ಕೊಬ್ಬರಿ ಮಾರಿದ ದಿವಸ ಒಟ್ಟಿಗೆ ಬರುತ್ತದೆ. ಎರಡೂ ಬಗೆಯ ಹಣಕ್ಕೆ ಪೇಟೆಯ ದಾರಿಯಲ್ಲಿ ಒಂದೇ ಅಂಗಡಿ ಕಾದಿರುತ್ತದೆ. ಕುಡಿತವು ಕೂಲಿಯವರ ರೋಗವೆಂಬುದು ಅನುಕೂಲಸ್ಥರು ತಮ್ಮ ಅನುಕೂಲಕ್ಕಾಗಿ ಕಟ್ಟಿಕೊಂಡ ಮಾತು. ಹೆಂಚಿನ ಮನೆಯಲ್ಲಿ ಕುಡಿದವನ ಕೂಗು ಬೀದಿಗೆ ಕೇಳುತ್ತದೆ. ತಾರಸಿ ಮನೆಯಲ್ಲಿ ಕೇಳುವುದಿಲ್ಲ. ಇಷ್ಟೇ ವ್ಯತ್ಯಾಸ.

ಇಂಥ ಹಳ್ಳಿಗಳಲ್ಲಿ ಕಾಯಿ ಸುಲಿಯುವ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ವಯಸ್ಸು ನಲವತ್ತರ ಸುಮಾರು, ಕೈಕೆಲಸದಲ್ಲಿ ಗಟ್ಟಿಗ. ಮೊದಲು ಹಬ್ಬಕ್ಕೆ, ಆಮೇಲೆ ಸಂಜೆಗೆ, ಕಡೆಗೆ ಬೆಳಗಿನ ಮುಖ ತೊಳೆಯುವುದಕ್ಕೆ ಮುಂಚೆಯೂ ಕುಡಿಯದಿದ್ದರೆ ಅವನ ಕೈ ನಡುಗಿ ಮಚ್ಚು ನಿಲ್ಲುವುದಿಲ್ಲ. ಮನೆಯವರು ಏನು ಮಾಡುತ್ತಾರೆ? ಅದಕ್ಕೊಂದು ಕ್ರಮವೇ ಏರ್ಪಟ್ಟುಹೋಗಿದೆ. ಮೊದಲು ಜಗಳ, ಆಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದು, ಹಿರಿಯರು ನಡುವೆ ಬಂದು ಕೂಡಿಸುವುದು, ನಂತರ ಮಠದ ಗದ್ದುಗೆಯ ಮುಂದೆಯೋ ಗ್ರಾಮದೇವತೆಯ ಗುಡಿಯಲ್ಲಿಯೋ ಆಣೆಯಿಡಿಸುವುದು, ಆಣೆ ಮುರಿದ ಮೇಲೆ ಗುಟ್ಟಿನ ಔಷಧಿ, ಎಲ್ಲವೂ ಮುಗಿದು ಕಣ್ಣು ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದಾಗ ಆಸ್ಪತ್ರೆ. ಮೊದಲು ಮಾಡಬೇಕಾದುದು ಕಡೆಗೆ ಬರುತ್ತದೆ. ಹೀಗಾಗಲು ಕಾರಣ ಮನೆಯವರ ಮೌಢ್ಯವಲ್ಲ, ನಾಚಿಕೆ. ಜ್ವರಕ್ಕೆ ಆಸ್ಪತ್ರೆಗೆ ಹೋದರೆ ಕೇಳಿದವರಿಗೆಲ್ಲ ಹೇಳಬಹುದು. ಇದಕ್ಕೆ ಹೋದರೆ ಏನೆಂದು ಹೇಳುವುದು? ಮಗಳಿಗೆ ಗಂಡು ನೋಡುವ ಕಾಲದಲ್ಲಿ ಅಂಥ ಮಾತು ಹೊರಬೀಳಬಾರದೆಂದು ತಾಯಿಯೇ ಬಾಗಿಲು ಹಾಕುತ್ತಾಳೆ.

ಆಣೆಯನ್ನು ಹಗುರವಾಗಿ ಕಾಣಬೇಕೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಗುರುವಿನ ಮುಂದೆ, ನಾಲ್ಕು ಜನರ ಮುಂದೆ, ಒಬ್ಬನು ‘ಇನ್ನು ಮುಟ್ಟುವುದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಸಣ್ಣ ಕಾರ್ಯವಲ್ಲ. ಅನೇಕರು ಆ ಒಂದು ಮಾತಿನ ಬಲದಿಂದಲೇ ಬಿಟ್ಟದ್ದೂ ಉಂಟು. ಆದರೆ ಆಣೆಯನ್ನು ಇಡುವುದು ಮನಸ್ಸು. ಮರುದಿನ ಅದನ್ನು ನಡೆಸಬೇಕಾದುದು ದೇಹ. ವರ್ಷಾನುಗಟ್ಟಲೆ ದಿನವೂ ಮದ್ಯವನ್ನು ಪಡೆದು ಅದಕ್ಕೇ ಹೊಂದಿಕೊಂಡ ಮಿದುಳು, ಅದು ಥಟ್ಟನೆ ನಿಂತಾಗ ಕೆರಳುತ್ತದೆ. ಬಿಟ್ಟ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರೆಯಿಲ್ಲದ ತಳಮಳ ಆರಂಭವಾಗುತ್ತವೆ. ಒಂದು ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಇನ್ನು ಕೆಲವರಿಗೆ ಚಿತ್ತಭ್ರಮೆಯುಂಟಾಗಿ, ಗೋಡೆಯ ಮೇಲೆ ಹುಳುಗಳು ಹರಿದಂತೆ, ಯಾರೋ ಕೊಲ್ಲಲು ಬಂದಂತೆ ಕಾಣುತ್ತದೆ. ಇದು ಪ್ರಾಣಾಪಾಯದ ಸ್ಥಿತಿ. ಚಿಕಿತ್ಸೆಯಿಲ್ಲದೆ ಹೋದರೆ ಸಾವೂ ಸಂಭವಿಸುತ್ತದೆ.

ಮೇಲೆ ಹೇಳಿದ ಗೃಹಸ್ಥನು ಶಿವರಾತ್ರಿಯ ದಿವಸ ಆಣೆಯಿಟ್ಟು ಮನೆಯ ಕೋಣೆಯಲ್ಲಿ ಮಲಗಿದನೆಂದಿಟ್ಟುಕೊಳ್ಳಿ. ಮೂರನೆಯ ರಾತ್ರಿ ಅವನು ಎದ್ದು ಕೂಗಾಡುತ್ತಾನೆ. ‘ಗಾಳಿ ಸೋಕಿದೆ’ ಎನ್ನುತ್ತಾರೆ ಒಬ್ಬರು. ‘ಮನಸ್ಸಿನಲ್ಲಿ ಕಪಟವಿಟ್ಟುಕೊಂಡು ಆಣೆಯಿಟ್ಟ, ದೇವರು ಬಿಡಲಿಲ್ಲ’ ಎನ್ನುತ್ತಾರೆ ಇನ್ನೊಬ್ಬರು. ಅನುಭವಸ್ಥನಾದ ಹಳೆಯ ಗೆಳೆಯನೊಬ್ಬ ಮಾತ್ರ ಒಂದು ಲೋಟ ತಂದು ಕುಡಿಸುತ್ತಾನೆ, ನಡುಕ ನಿಲ್ಲುತ್ತದೆ. ಆಗ ಊರಿಗೆಲ್ಲ ಸಿದ್ಧವಾಗುವ ತೀರ್ಮಾನವೆಂದರೆ, ಆಣೆಗಿಂತ ಹೆಂಡವೇ ದೊಡ್ಡದು ಎಂಬುದು. ಆ ಬಡಪಾಯಿ ತನ್ನನ್ನು ಪಾಪಿಯೆಂದು ನಂಬುತ್ತಾನೆ. ವಾಸ್ತವವಾಗಿ ಅಲ್ಲಿ ಸೋತದ್ದು ಅವನ ಭಕ್ತಿಯೂ ಅಲ್ಲ, ದೈವವೂ ಅಲ್ಲ. ಐದಾರು ದಿನಗಳ ಕಾಲ ವೈದ್ಯರ ಕಣ್ಣೆದುರಿನಲ್ಲಿ ಕೊಡಬೇಕಾಗಿದ್ದ ಮಾತ್ರೆಗಳೂ, ‘ಬಿ-1’ ಎಂಬ ಜೀವಸತ್ತ್ವವೂ ಅವನಿಗೆ ದೊರೆಯಲಿಲ್ಲ, ನಡೆದದ್ದು ಇಷ್ಟೇ. ಸುಸ್ತೆಂದು ಹೇಳಿಕೊಂಡು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವ ಹಳ್ಳಿಯ ಅಭ್ಯಾಸವೂ ಇಲ್ಲಿ ಕ್ಷೇಮಕರವಲ್ಲ. ಬಹುಕಾಲ ಕುಡಿದವರ ಮೈಯಲ್ಲಿ ಆ ಜೀವಸತ್ತ್ವ ಬತ್ತಿರುವುದರಿಂದ, ಅದನ್ನು ಕೊಡದೆ ಬರಿಯ ಗ್ಲೂಕೋಸನ್ನೇ ಕೊಟ್ಟರೆ ಮಿದುಳಿಗೆ ಹಾನಿಯಾಗಬಹುದು. ಕುಡಿತದ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದೆಂಬುದಕ್ಕೆ ಇದೊಂದೇ ಕಾರಣ ಸಾಕು.

ಗುಟ್ಟಿನ ಔಷಧಿಯ ವಿಚಾರವಾಗಿಯೂ ಎರಡು ಮಾತು ಅಗತ್ಯ. ‘ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಚೀಟಿಗಳನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ಕಾಣದವರಾರು? ಮದ್ಯದೊಡನೆ ಸೇರಿದರೆ ಮುಖ ಕೆಂಪೇರಿ, ಎದೆ ಡವಡವಿಸಿ, ವಾಂತಿಯಾಗುವಂತೆ ಮಾಡುವ ಡೈಸಲ್ಫಿರಾಂ ಎಂಬ ಔಷಧಿಯೊಂದುಂಟು. ಅದನ್ನು ವೈದ್ಯರು, ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದು ಕೊಡುವುದು ಚಿಕಿತ್ಸೆ. ಅದೇ ವಸ್ತುವನ್ನು ಸಾರಿನಲ್ಲಿ ಬೆರೆಸಿಟ್ಟರೆ, ಏನೂ ಅರಿಯದವನು ಅದರ ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಮೇಲಾಗಿ, ಒಂದು ದಿನ ಅವನಿಗೆ ಗುಟ್ಟು ತಿಳಿಯುತ್ತದೆ. ಆ ದಿನದಿಂದ ಅವನು ಮನೆಯ ಅನ್ನವನ್ನೂ ನಂಬುವುದಿಲ್ಲ. ಹೆಂಡತಿ ಬಡಿಸಿದ ತಟ್ಟೆಯನ್ನು ಅನುಮಾನದಿಂದ ನೋಡುವ ಗಂಡನನ್ನು ಯಾವ ಮದ್ದಿನಿಂದ ಸರಿಪಡಿಸುವುದು?

ಶರಣಪರಂಪರೆಯಲ್ಲಿ ಬೆಳೆದವರಿಗೆ ಈ ವಿಚಾರದಲ್ಲಿ ದಾರಿ ಕಾಣದೆ ಇರಲು ಕಾರಣವಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಂಡದ ಮಾರಯ್ಯನೆಂಬ ಒಬ್ಬ ಶರಣನಿದ್ದಾನೆ. ಹೆಂಡ ಮಾರುವುದು ಅವನ ವೃತ್ತಿ. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನು ರಚಿಸಿದ ಕೆಲವೇ ವಚನಗಳು ಉಳಿದುಬಂದಿದ್ದು, ಅವುಗಳಲ್ಲಿ ತನ್ನ ವೃತ್ತಿಯ ಪರಿಭಾಷೆಯನ್ನೇ ಪರಮಾರ್ಥಕ್ಕೆ ತಿರುಗಿಸಿಕೊಂಡಿದ್ದಾನೆ. ಕನ್ನ ಕೊರೆಯುವ ಕಸುಬಿನಿಂದ ಬಂದ ಕನ್ನದ ಮಾರಿತಂದೆಯೂ ಅದೇ ಬಳಗದವನು. ಇವರ ಹೆಸರುಗಳನ್ನು ನೋಡಬೇಕು. ಕಲ್ಯಾಣವು ಅವರ ಹಿಂದಿನದನ್ನು ಹೆಸರಿನಿಂದ ಅಳಿಸಲಿಲ್ಲ, ಬಚ್ಚಿಡಿರೆಂದೂ ಹೇಳಲಿಲ್ಲ. ಅದರ ಪಕ್ಕದಲ್ಲಿಯೇ ‘ಅಯ್ಯ’ ಎಂದೂ ‘ತಂದೆ’ ಎಂದೂ ಸೇರಿಸಿತು. ಇಂದಿನ ಹಳ್ಳಿಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ‘ತಿರಿ’ಯಿಂದ ತಿರುಕ, ‘ಕುಡಿ’ಯಿಂದ ಕುಡುಕ, ಕನ್ನಡದ ಈ ಪ್ರತ್ಯಯ ಒಮ್ಮೆ ಅಂಟಿದರೆ ಬಿಡದು. ಕುಡಿಯುವವನಿಗೆ ಕನ್ನಡದಲ್ಲಿ ಒಂದು ಪದವಿದೆ. ಕುಡಿತವನ್ನು ಬಿಟ್ಟವನಿಗೆ ಒಂದು ಪದವೂ ಇಲ್ಲ. ಹತ್ತು ವರ್ಷ ಮುಟ್ಟದವನನ್ನೂ ‘ಆ ಕುಡುಕನ ಮನೆ’ ಎಂದೇ ಗುರುತು ಹೇಳುವುದುಂಟು.

ಈ ಪರಂಪರೆಯನ್ನು ಕಾಲಕ್ಕೆ ತಕ್ಕಂತೆ ಮುಂದುವರಿಸಿದವರಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಪ್ರಾತಃಸ್ಮರಣೀಯರು. 1930ರ ಆಗಸ್ಟ್ 1ರಂದು ಜನಿಸಿದ ಪೂಜ್ಯರು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಧಾನ್ಯ ಬೀಳುವುದು ಪೂರ್ವಾಪರದ ವಾಡಿಕೆ. ಪೂಜ್ಯರು ಬೇಡಿದ್ದು ಧಾನ್ಯವನ್ನಲ್ಲ, ಕಾಣಿಕೆಯನ್ನೂ ಅಲ್ಲ; ಕುಡಿತ, ತಂಬಾಕು ಮೊದಲಾದ ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಆ ದಿವಸ ಶಾಲೆಗಳಲ್ಲಿ ಪ್ರತಿಜ್ಞೆ ಬೋಧಿಸುವುದು, ಭಾಷಣ ಮಾಡುವುದು ನಡೆಯುತ್ತದೆ, ನಡೆಯಲಿ. ಆದರೆ ಜೋಳಿಗೆಯ ಒಳಗುಟ್ಟು ಭಾಷಣಗಳಲ್ಲಿ ಬಾರದೆ ಹೋಗುತ್ತದೆ. ಬೇಡುವವನು ಕೆಳಗೆ, ಕೊಡುವವನು ಮೇಲೆ ಎಂಬುದು ಲೋಕರೂಢಿ. ಊರೆಲ್ಲ ಉಗಿದ ಮನುಷ್ಯನ ಮನೆಯ ಬಾಗಿಲಿಗೆ ಪೀಠಾಧಿಪತಿಗಳು ತಾವೇ ನಡೆದು ಹೋಗಿ, ‘ಇದನ್ನು ನಮಗೆ ಕೊಡಪ್ಪ’ ಎಂಬಂತೆ ಜೋಳಿಗೆಯನ್ನೊಡ್ಡಿದಾಗ, ಆ ಕ್ಷಣಕ್ಕೆ ಅವನು ಅಪರಾಧಿಯಾಗಿ ಉಳಿಯದೆ ದಾನಿಯಾಗುತ್ತಾನೆ. ಬಹುದಿನಗಳ ಮೇಲೆ ಮೊದಲ ಸಲ ಅವನ ಬಳಿ ಯಾರೋ ಏನನ್ನೋ ಬೇಡಿದ್ದಾರೆ. ಗದ್ದುಗೆಯ ಮುಂದೆ ತಲೆತಗ್ಗಿಸಿ ನಿಲ್ಲಿಸಿ ಮಾಡಿಸುವ ಆಣೆಗೂ, ಜೋಳಿಗೆಗೆ ತಾನೇ ಹಾಕುವ ಚಟಕ್ಕೂ ಇರುವ ಭೇದ ಇದು. ಪೂಜ್ಯರ ಕಾರ್ಯವನ್ನು ಅನುಸರಿಸುವುದೆಂದರೆ ಬಟ್ಟೆಯ ಜೋಳಿಗೆಯನ್ನು ವೇದಿಕೆಯ ಮೇಲೆ ತೂಗುಹಾಕುವುದು ಎಂದು ಯಾರಾದರೂ ತಿಳಿದಿದ್ದರೆ, ಅವರು ಆ ನಡಿಗೆಯನ್ನು ಮರೆತಿದ್ದಾರೆನ್ನಬೇಕು.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಕಳೆದ ಶತಮಾನದ ಕೊನೆಯ ದಶಕದಿಂದ ನಡೆಸಿಕೊಂಡು ಬಂದಿರುವ ಮದ್ಯವರ್ಜನ ಶಿಬಿರಗಳು ಇನ್ನೊಂದು ಮೇಲ್ಪಂಕ್ತಿ. ತುಮಕೂರು ಜಿಲ್ಲೆಯೂ ಸೇರಿದಂತೆ ರಾಜ್ಯದ ಬಹುಭಾಗದಲ್ಲಿ ಇವು ನಡೆದಿವೆ. ಊರಿನ ಸಮುದಾಯ ಭವನದಲ್ಲಿಯೋ ಕಲ್ಯಾಣ ಮಂಟಪದಲ್ಲಿಯೋ ಸುಮಾರು ಎಂಟು ದಿನಗಳ ವಾಸ. ಆರಂಭದಲ್ಲಿ ವೈದ್ಯಕೀಯ ನೆರವು. ಯೋಗ, ಭಜನೆ, ಸಲಹೆ, ಮನೆಯವರೊಡನೆ ಮಾತು. ಊರಿನವರೇ ವ್ಯವಸ್ಥಾಪಕ ಸಮಿತಿಯಾಗಿ ಅಕ್ಕಿ ಬೇಳೆ ಹೊಂದಿಸುತ್ತಾರೆ. ಇಲ್ಲಿ ವಿಶೇಷವಾಗಿ ಮೆಚ್ಚತಕ್ಕದ್ದು ಶಿಬಿರವನ್ನಲ್ಲ, ಶಿಬಿರವಾದ ಮೇಲಿನದನ್ನು. ಬಿಟ್ಟವರೆಲ್ಲ ಸೇರಿ ‘ನವಜೀವನ ಸಮಿತಿ’ ಎಂದು ಕಟ್ಟಿಕೊಂಡು, ಗೊತ್ತಾದ ದಿವಸಗಳಲ್ಲಿ ಕೂಡಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಏರ್ಪಾಟು ಅದರಲ್ಲಿದೆ. ಎಂಟು ದಿನಗಳಲ್ಲಿ ದೇಹ ತಿಳಿಯಾಗಬಹುದು. ಆದರೆ ಒಂಬತ್ತನೆಯ ದಿನ ಸಂಜೆ ಆರು ಗಂಟೆಗೆ ಅವನು ಎಲ್ಲಿ ಕೂಡಬೇಕು? ಇದುವರೆಗಿನ ಅವನ ಗೆಳೆಯರೆಲ್ಲ ಕೂಡುವ ಜಾಗ ಒಂದೇ.

ಈ ಪ್ರಶ್ನೆಗೆ ದೂರದ ಅಮೆರಿಕದಲ್ಲಿ ಒಂದು ಉತ್ತರ ದೊರೆತ ಬಗೆ ಕುತೂಹಲಕರವಾದುದು. 1935ರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಕುಡಿತ ಬಿಟ್ಟು ಕೆಲವು ತಿಂಗಳಾಗಿದ್ದಾಗ, ಓಹಾಯೋ ಪ್ರಾಂತದ ಆಕ್ರನ್ ಎಂಬ ಊರಿಗೆ ಬಂದು, ಬಂದ ವ್ಯವಹಾರ ಕೆಟ್ಟು, ಹೋಟೆಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಪಾನಗೃಹ, ಇನ್ನೊಂದು ಕಡೆ ದೂರವಾಣಿ. ಅವನು ದೂರವಾಣಿಯ ಬಳಿಗೆ ಹೋಗಿ, ಆ ಊರಿನ ಪಾದ್ರಿಗಳನ್ನು ವಿಚಾರಿಸಿ, ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನೊಡನೆ ಮಾತನಾಡಬೇಕೆಂದು ಕೇಳಿಕೊಂಡ. ಹಾಗೆ ದೊರೆತವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ಇಬ್ಬರ ಮಾತುಕತೆಯಿಂದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟ ಹುಟ್ಟಿ ಜಗತ್ತಿಗೆಲ್ಲ ಹಬ್ಬಿತು; 1957ರಲ್ಲಿ ಭಾರತಕ್ಕೂ ಬಂದಿತು. ಬೆಂಗಳೂರಿನಲ್ಲಿ ಅದರ ಸಭೆಗಳು ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಮನೆತನದ ಹೆಸರನ್ನು ಹೇಳಬೇಕಾಗಿಲ್ಲ. ‘ಇಂದು ಒಂದು ದಿನ ಕುಡಿಯುವುದಿಲ್ಲ’ ಎಂಬಷ್ಟೇ ಸಂಕಲ್ಪ. ಬಿಟ್ಟವನು ಬಿಡಲಾಗದವನ ಜೊತೆಗೆ ಕೂಡುತ್ತಾನೆ; ಅದರಿಂದ ಇಬ್ಬರೂ ಆ ದಿನವನ್ನು ದಾಟುತ್ತಾರೆ. ಸಂಗದಿಂದಲೇ ಸಾಧನೆಯೆಂಬುದನ್ನು ಅನುಭವ ಮಂಟಪದ ನಾಡಿನವರು ಆಕ್ರನ್ನಿನಿಂದ ಕಲಿಯಬೇಕಾಗಿ ಬಂದದ್ದು ವಿಚಿತ್ರವೇ ಸರಿ. ಆದರೂ ಕಲಿತರೆ ತಪ್ಪಿಲ್ಲ.

ಸಹಾಯವೇ ಇಲ್ಲವೆಂದು ಕೊರಗುವ ಕಾಲ ಇದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿದ್ದಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಿಂದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ಮಾಡಿದೆ. ಯಾವ ಮಂಗಳವಾರ ಯಾವ ಊರೆಂಬುದನ್ನು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಿಳಿಯಬಹುದು. ತುಮಕೂರಿನ ಜಿಲ್ಲಾಸ್ಪತ್ರೆಯಿದೆ. ಅದಕ್ಕೂ ಮೀರಿದ ಸ್ಥಿತಿಯಾದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದ ಹೊರಡಲೂ ನಾಚುವವರಿಗೆ ದೂರವಾಣಿಯುಂಟು: ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446, 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಂಖ್ಯೆ 14416. ಇವೆರಡಕ್ಕೂ ಹಣ ಕೊಡಬೇಕಾಗಿಲ್ಲ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮನಸ್ಸಿನ ತೊಂದರೆಗಳನ್ನು ತನ್ನ ವ್ಯಾಪ್ತಿಗೆ ಸೇರಿಸಿಕೊಂಡು, ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ನಿಷೇಧಿಸಿದೆ. ಬಡಿದು ಬಿಡಿಸುತ್ತೇವೆಂದು ಬಾಗಿಲು ಹಾಕಿಕೊಳ್ಳುವ ಖಾಸಗಿ ಕೇಂದ್ರಗಳಿಗೆ ಹಣ ಸುರಿಯುವ ಮೊದಲು ಈ ಸಂಗತಿಯನ್ನು ನೆನೆಯಬೇಕು. ಆ ಕೇಂದ್ರ ನೋಂದಣಿಯಾಗಿದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರಿಗೆ ರೋಗಿಯನ್ನು ಕಾಣಲು ಬಿಡುತ್ತಾರೆಯೇ ಎಂದು ಕೇಳಬೇಕು.

ಇಷ್ಟಿದ್ದೂ ಹೋಗುವವರೆಷ್ಟು? ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯವರು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಅಥವಾ ನೆರವು ದೊರೆತಿದೆ. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಉಳಿದ ಮೂವತ್ತೇಳು ಜನರ ಮನೆಗಳಲ್ಲಿ ಜಗಳ, ಆಣೆ, ಗುಟ್ಟಿನ ಔಷಧಿಗಳೇ ನಡೆದಿರುತ್ತವೆ.

ಸರ್ಕಾರದ ಹೊಣೆಯೇನೆಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಸಂವಿಧಾನದ 47ನೆಯ ಅನುಚ್ಛೇದವು ಪಾನನಿಷೇಧಕ್ಕೆ ಪ್ರಯತ್ನಿಸುವುದು ರಾಜ್ಯದ ಕರ್ತವ್ಯವೆನ್ನುತ್ತದೆ. ಹಿಂದಿನ ಮೈಸೂರು ರಾಜ್ಯದಲ್ಲಿದ್ದ ಪಾನನಿರೋಧ 1967ರಲ್ಲಿ ತೆರವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂದು ಕುಳಿತಿತು. 2019ರ ಜನವರಿಯಲ್ಲಿ ಸಾವಿರಾರು ಮಂದಿ ಹೆಣ್ಣುಮಕ್ಕಳು ಮದ್ಯನಿಷೇಧವನ್ನು ಬೇಡುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ, ಇದೇ ತುಮಕೂರು ಜಿಲ್ಲೆಯನ್ನು ಹಾಯ್ದು ನಡೆದರು. ಅಬಕಾರಿಯ ವರಮಾನ 2023-24ರಲ್ಲಿ 34 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. ಒಂದು ಕೈಯಿಂದ ಮಾರಿ ಇನ್ನೊಂದು ಕೈಯಿಂದ ಸಂಯಮ ಬೋಧಿಸುವ ಈ ವಿಚಿತ್ರವನ್ನು ಕುರಿತು ಬರೆಯುವುದಾದರೆ ಬೇರೆಯೇ ಲೇಖನ ಬೇಕು. ಅದು ಸರಿಹೋಗುವವರೆಗೆ ಮನೆಯೊಳಗೆ ನಡುಗುತ್ತಿರುವವನು ಕಾಯಲಾರ.

ಆದುದರಿಂದ ಮಾತು ತಿರುಗಿ ಮಠಕ್ಕೂ ಶಾಲೆಗೂ ಬರುತ್ತದೆ. ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ನಡೆಸಿಕೊಂಡು ಬಂದಿರುವ ಮಠಗಳಿಗೆ ಈ ಕಾರ್ಯವು ಹೊಸ ಹೊರೆಯಲ್ಲ. ಆಣೆಯನ್ನು ಕೇಳಿ ಬಂದವನಿಗೆ, ‘ಮೊದಲು ವೈದ್ಯರನ್ನು ಕಂಡು ಬಾ, ಆಮೇಲೆ ಗದ್ದುಗೆಗೆ ನಮಸ್ಕರಿಸು’ ಎಂದು ಗುರುಗಳಾದವರು ಒಂದು ಮಾತು ಹೇಳಿದರೆ, ಅದು ನೂರು ಭಿತ್ತಿಪತ್ರಗಳಿಗೆ ಮಿಗಿಲು. ಆಸ್ಪತ್ರೆಗೆ ಹೋಗುವುದು ನಾಚಿಕೆಯೆಂಬ ಮನೆಯವರು ಗುರುವಾಜ್ಞೆಯೆಂದರೆ ಹೋಗುತ್ತಾರೆ. ಜೊತೆಗೆ ಮಠದ ಒಬ್ಬ ಭಕ್ತನು ಬಸ್ಸು ಹತ್ತಿ ಹೋಗಿಬಂದರೆ ಇನ್ನೂ ಒಳ್ಳೆಯದು.

ಶಾಲೆಯಲ್ಲಿ ಉಪಾಧ್ಯಾಯರು ಮಾಡಬೇಕಾದುದು ಇನ್ನೂ ಸೂಕ್ಷ್ಮವಾದುದು. ಪ್ರತಿಜ್ಞಾವಿಧಿಯ ದಿವಸ ‘ಕುಡುಕರಿಂದ ಸಂಸಾರ ಹಾಳು’ ಎಂದು ವೇದಿಕೆಯ ಮೇಲೆ ಗುಡುಗುವಾಗ, ಎದುರು ಸಾಲಿನಲ್ಲಿ ಕುಳಿತ ಯಾವನೋ ಹುಡುಗ ತಲೆ ತಗ್ಗಿಸುತ್ತಾನೆ. ಹಿಂದಿನ ರಾತ್ರಿ ಅವನ ಮನೆಯಲ್ಲಿ ಅನ್ನದ ಪಾತ್ರೆ ಅಂಗಳಕ್ಕೆ ಬಿದ್ದಿರುತ್ತದೆ. ಪಕ್ಕದ ಹುಡುಗರು ಅವನ ಕಡೆಗೆ ತಿರುಗಿ ನೋಡುತ್ತಾರೆ. ಆ ಮಗುವಿಗೆ ಬೇಕಾದುದು ತಂದೆಯ ನಿಂದೆಯಲ್ಲ. ‘ನಿನ್ನ ತಂದೆಗೆ ಆಗಿರುವುದು ರೋಗ, ಅದಕ್ಕೆ ಔಷಧವುಂಟು, ಅದು ನಿನ್ನಿಂದ ಬಂದದ್ದಲ್ಲ’ ಎಂದು ಏಕಾಂತದಲ್ಲಿ ಹೇಳುವ ಒಬ್ಬ ಮೇಷ್ಟ್ರು. ಮನೆಪಾಠ ಬರೆಯದೆ ಬಂದ ಮಗುವನ್ನು ಹೊರಗೆ ನಿಲ್ಲಿಸುವ ಮೊದಲು ಕಾರಣವನ್ನು ಮೆಲ್ಲನೆ ಕೇಳುವವನೇ ನಿಜವಾದ ವ್ಯಸನಮುಕ್ತಿಯ ಕಾರ್ಯಕರ್ತ. ಹದಿಹರೆಯದವರ ನಡುವೆ ಗಾಂಜಾ, ಮಾತ್ರೆಗಳ ಮಾತೂ ಕೇಳಿಬರುತ್ತಿರುವ ಈ ದಿನಗಳಲ್ಲಿ, ಹೊಡೆತಕ್ಕೆ ಹೆದರದೆ ಬಂದು ಹೇಳಿಕೊಳ್ಳಬಹುದಾದ ಒಬ್ಬರಾದರೂ ಪ್ರತಿಯೊಂದು ಶಾಲೆಯಲ್ಲಿರಬೇಕು.

ಬಿಟ್ಟವನು ಮತ್ತೆ ಮುಟ್ಟಿದರೆ? ಮುಟ್ಟುವ ಸಂಭವವೇ ಹೆಚ್ಚು; ಅದನ್ನು ಮೊದಲೇ ತಿಳಿದಿರಬೇಕು. ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದ ಮೇಲೆ, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗಟಗಟನೆ ಸದ್ದಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮೂರನೆಯ ತಿಂಗಳಿಗೆ ಒಡೆದು ನೋಡಿ, ಹಸಿಯಾಗಿದೆಯೆಂದು ತಿಪ್ಪೆಗೆ ಎಸೆಯುವ ರೈತ ಈ ಸೀಮೆಯಲ್ಲಿ ಹುಟ್ಟಿಲ್ಲ. ಕುಡಿತ ಬಿಟ್ಟವನ ವಿಷಯದಲ್ಲಿ ಮಾತ್ರ ಮೂರನೆಯ ವಾರಕ್ಕೇ ‘ನೋಡಿದಿರಾ, ನಾವು ಹೇಳಿರಲಿಲ್ಲವೇ’ ಎನ್ನುವ ಆತುರ. ಮರಳಿ ಕುಡಿದವನಿಗೆ ಮರಳಿ ಚಿಕಿತ್ಸೆಯುಂಟು. ಮಲೇರಿಯಾ ಮರುಕಳಿಸಿದರೆ ಯಾರೂ ರೋಗಿಯ ನಡತೆಯನ್ನು ಶೋಧಿಸುವುದಿಲ್ಲ.

ಇನ್ನು ಆ ಸಂಜೆಯ ಆರು ಗಂಟೆಯ ಪ್ರಶ್ನೆ. ಇದಕ್ಕೆ ಹೆಚ್ಚಿನ ಹಣ ಬೇಡ. ಮಠದ ಆವರಣದಲ್ಲಿ ಒಂದು ಕೋಣೆ, ನಾಲ್ಕು ಚಾಪೆ, ಒಂದು ದೀಪ. ಸಂಜೆ ಕೂಲಿ ಬಟವಾಡೆಯಾಗುವ ಹೊತ್ತಿನಿಂದ ರಾತ್ರಿಯ ಪ್ರಸಾದದ ವೇಳೆಯವರೆಗೆ ಅದು ತೆರೆದಿರಬೇಕು. ಬಿಟ್ಟು ಎರಡು ಮೂರು ವರ್ಷವಾದ ಒಬ್ಬನು ಊರಿನಲ್ಲಿ ಇದ್ದೇ ಇರುತ್ತಾನೆ; ಕೋಣೆಯ ಬೀಗದ ಕೈ ಅವನ ಬಳಿಯಲ್ಲಿರಲಿ. ಉಪನ್ಯಾಸ ಬೇಡ, ಅಧ್ಯಕ್ಷರು ಬೇಡ. ಪತ್ರಿಕೆ ಓದುವವರು ಓದಲಿ, ಚೌಕಾಬಾರ ಆಡುವವರು ಆಡಲಿ, ಸುಮ್ಮನೆ ಕೂಡುವವರು ಕೂಡಲಿ. ಸಂಜೆ ಗಂಡನನ್ನು ಅಲ್ಲಿಗೆ ಕಳುಹಿಸಿದ ಹೆಣ್ಣುಮಗಳು ಬಂದು ನಾಲ್ಕು ಮಾತನಾಡುವುದಾದರೆ, ವಾರಕ್ಕೊಮ್ಮೆ ಅವರಿಗೆಂದೇ ಬೇರೆ ಹೊತ್ತನ್ನು ಗೊತ್ತುಮಾಡಲಿ. ವರ್ಷಗಟ್ಟಲೆ ನುಂಗಿದ ಮಾತು ಅವಳಲ್ಲಿಯೂ ಉಂಟು. ಪ್ರಸಾದಕ್ಕೆ ಗಂಟೆಯಾದಾಗ ಎಲ್ಲರೂ ಎದ್ದು ಪಂಕ್ತಿಗೆ ಹೋಗುತ್ತಾರೆ. ಆ ಪಂಕ್ತಿಯಲ್ಲಿ ಯಾರು ಯಾವ ಕಾರಣಕ್ಕೆ ಬಂದರೆಂದು ಕೇಳುವ ಪದ್ಧತಿ ಎಂದೂ ಇಲ್ಲ. ಕೋಣೆಯ ಬಾಗಿಲಿನ ಮೇಲೆ ‘ವ್ಯಸನಮುಕ್ತಿ ಕೇಂದ್ರ’ ಎಂದು ಫಲಕ ಬರೆಸುವ ಉತ್ಸಾಹ ದಾನಿಗಳಲ್ಲಿ ಯಾರಿಗಾದರೂ ಬಂದರೆ, ಅವರನ್ನು ವಿನಯದಿಂದ ತಡೆಯಬೇಕು. ಫಲಕವಿದ್ದರೆ ಮೊದಲನೆಯವನು ಒಳಗೆ ಬರುವುದಿಲ್ಲ.